ನಳಿಗೆ ಉಜ್ಜಿದ ಅಳಿಯ

ಕೆಲವರಿಗೆ ಎಲೆಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ, ಇನ್ನು ಕೆಲವರಿಗೆ ಬಸ್ಸಿನಲ್ಲಿ ಪಕ್ಕ ಕೂತವರ ಊರು, ಸಂಬಂಧ, ಸಂಬಳ ಎಲ್ಲವನ್ನೂ ವಿಚಾರಿಸುವ ಚಟ. ನನಗಿರುವುದು ಉಜ್ಜುವ ಚಟ. ಮಂಕಾದ ವಸ್ತುವೊಂದು ಕಣ್ಣಿಗೆ ಬಿದ್ದರೆ ಸಾಕು, ನನ್ನ ಬಲಗೈ ಹೆಬ್ಬೆರಳು ನನ್ನನ್ನು ಕೇಳದೆಯೇ ಅಲ್ಲಾಡಲು ಶುರುಮಾಡುತ್ತದೆ. ತಮ್ಮನಿಗೆ ಹೆಣ್ಣು ನೋಡಲು ಹೋಗಿದ್ದಾಗ ಹಿರಿಯರೆಲ್ಲ ಮಾತುಕತೆಯಲ್ಲಿದ್ದರೆ, ನಾನು ಅವರ ಮನೆಯ ಕಿಟಕಿಯ ಹಿತ್ತಾಳೆ ಚಿಲಕವನ್ನು ಕರ್ಚೀಫಿನಿಂದ ತಿಕ್ಕುತ್ತ ನಿಂತಿದ್ದೆ. ಹುಡುಗಿಯ ಅಜ್ಜಿ ಅದನ್ನು ನೋಡಿ, "ಇವ್ರು ಗಂಡಿನ ಕಡೆಯವ್ರಾ, ಇಲ್ಲಾ ಕೆಲ್ಸಕ್ಕೆ ಬಂದವ್ರಾ?" ಎಂದು ಒಳಗೆ ಕೇಳಿದ್ದು ಹೊರಗಿದ್ದವರಿಗೂ ಕೇಳಿಸಿತು. ಸಂಬಂಧವೇನೋ ಕುದುರಿತು. ಆದರೆ ಆ ಮನೆಯವರು ಇವತ್ತಿಗೂ ನನ್ನನ್ನು ಗುರುತು ಹಿಡಿಯುವುದು ಆ ಚಿಲಕದಿಂದಲೇ.

ಈ ಚಟದಿಂದ ಆಗಿರುವ ಅನಾಹುತಗಳು ಒಂದೆರಡಲ್ಲ. ನಮ್ಮ ಮನೆದೇವರು ವೀರಭದ್ರ. ಬೆಳ್ಳಿಯ ಮುಖವಾಡ, ಅಗಲವಾದ ಕಣ್ಣು, ಎರಡೂ ಕಡೆಗೆ ಹುರಿಮಾಡಿದ ಮೀಸೆ. ಹಬ್ಬ ಬಂತೆಂದರೆ ಅದನ್ನು ಬೆಳಗುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹೀಗೆ ಹದಿನೈದು ವರ್ಷ ಬೆಳಗಿದ ಮೇಲೆ, ಒಂದು ಶ್ರಾವಣ ಸೋಮವಾರ ಮಂಗಳಾರತಿ ಎತ್ತಿದ ಅಮ್ಮ ಹಾಗೆಯೇ ನಿಂತುಬಿಟ್ಟಳು. ದೇವರಿಗೆ ಎಡಗಡೆಯ ಮೀಸೆ ಇರಲಿಲ್ಲ. "ಎಲ್ರೂ ದೇವ್ರ ಹತ್ರ ಹೋಗಿ ತಾವು ಬೋಳಿಸ್ಕೊಂಡು ಬರ್ತಾರೆ. ನೀನು ಮನೇಲಿ ಕೂತು ದೇವ್ರಿಗೇ ಬೋಳಿಸಿದ್ಯಲ್ಲೋ!" ಎಂದು ಅವಳು ಆರತಿ ತಟ್ಟೆ ಹಿಡಿದುಕೊಂಡೇ ಅತ್ತಳು. ನನಗೂ ಅಳು ಬಂತು. ಆದರೂ, ಸುಳ್ಳು ಯಾಕೆ ಹೇಳಲಿ, ಆ ಎಡಗೆನ್ನೆ ಹೊಳೆಯುತ್ತಿದ್ದ ಚಂದವನ್ನು ನೋಡಿ ಒಳಗೊಳಗೇ ಖುಷಿಯೂ ಆಗಿತ್ತು.

ಇಂಥವನು ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಶಿವಮೊಗ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪಾಠ. ಘರ್ಷಣೆ ನನ್ನ ಅಚ್ಚುಮೆಚ್ಚಿನ ಅಧ್ಯಾಯ. ಎರಡು ಮೇಲ್ಮೈಗಳು ಒಂದನ್ನೊಂದು ತಿಕ್ಕಿದಾಗ ಏನಾಗುತ್ತದೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸುವಾಗ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ಹೊರಗಿನ ಪ್ರಪಂಚದಲ್ಲಿ ಬಾಣದ ಗುರುತುಗಳು ಇರುವುದಿಲ್ಲ ಎಂಬುದು ಮಾತ್ರ ನನ್ನ ಗಮನಕ್ಕೆ ಬಂದಿರಲಿಲ್ಲ. ಅದನ್ನು ಗಮನಕ್ಕೆ ತಂದುಕೊಟ್ಟದ್ದು ನನ್ನ ಮಾವನವರ ಬಂದೂಕು.

ಮಾವ ಮಲ್ಲೇಶಪ್ಪನವರು ಕುಂಸಿ ಕಡೆಯ ಜಮೀನುದಾರರು. ಜೋಳದ ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಹೆದರಿಸಿ ಓಡಿಸಲೆಂದು ಅವರು ಒಂದು ರೈಫಲ್ ಇಟ್ಟುಕೊಂಡಿದ್ದರು. ಪರವಾನಗಿ ಇದ್ದ, ಬೋಲ್ಟನ್ನು, ಅಂದರೆ ಹಿಂಬದಿಯ ಅಗುಳಿಯನ್ನು, ಎಳೆದು ಹಾರಿಸುವ ರೈಫಲ್ಲು. ಅದನ್ನು ಕೊಂಡದ್ದು ನನ್ನ ಹೆಂಡತಿ ಶಶಿ ಹುಟ್ಟಿದ ವರ್ಷವಂತೆ. ಇರುವವಳು ಒಬ್ಬಳೇ ಮಗಳು, ಜೊತೆಗೆ ಈ ರೈಫಲ್ಲು. ಮಾವನ ಮಾತಿನಲ್ಲಿ ಇಬ್ಬರೂ ಹೆಚ್ಚುಕಡಿಮೆ ಅಕ್ಕತಂಗಿಯರೇ. ವಯಸ್ಸಾಗಿ ಕಣ್ಣು ಮಂಜಾಗುತ್ತ ಬಂದಾಗ ಅವರು ಪರವಾನಗಿಯನ್ನು ಶಶಿಯ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಿದರು. ಊರಿನವರು, "ಅದೇನು ಗೌಡ್ರೇ, ಹೆಣ್ಮಗಳ ಹೆಸ್ರಿಗೆ? ಅಳಿಯಂದ್ರ ಹೆಸ್ರಿಗೆ ಮಾಡಿ" ಎಂದರಂತೆ. ಮಾವ, "ನಮ್ಮ ಶಶಿಗೆ ಗುರಿ ಇದೆ. ಅಳಿಯಂದ್ರಿಗೆ ಹೊಳಪಿದೆ. ಬಂದೂಕಿಗೆ ಬೇಕಾಗಿರೋದು ಗುರಿ" ಎಂದು ಬಾಯಿ ಮುಚ್ಚಿಸಿದರಂತೆ. ಈ ಮಾತನ್ನು ಶಶಿ ನನಗೆ ಎಷ್ಟು ಸಂತೋಷದಿಂದ ವರದಿ ಮಾಡಿದಳೆಂದರೆ, ನಾನೂ ನಗಲೇಬೇಕಾಯಿತು.

ಆದರೆ ವರ್ಗಾವಣೆಗೆ ಒಂದು ಶರತ್ತಿತ್ತು. ಬಂದೂಕನ್ನು ಶಿವಮೊಗ್ಗದಲ್ಲಿ ಪೊಲೀಸ್ ಇಲಾಖೆಯ ಆಯುಧ ಪರಿಣತರಿಗೆ ತೋರಿಸಿ, ಅದು ಬಳಕೆಗೆ ಯೋಗ್ಯ ಎಂಬ ಪತ್ರ ಪಡೆಯಬೇಕು. ಯೋಗ್ಯವಲ್ಲ ಎಂದು ಅವರು ಬರೆದರೆ ಬಂದೂಕು ಸರ್ಕಾರಕ್ಕೆ ಒಪ್ಪಿಸಿ ಬರಬೇಕು, ಅದು ಕರಗಿಸುವ ಕುಲುಮೆಗೆ ಹೋಗುತ್ತದೆ. ಮಾಮೂಲು ವರ್ಷವಾಗಿದ್ದರೆ ಇದೊಂದು ಚಿಂತೆಯೇ ಅಲ್ಲ. ಆದರೆ ಅದು ಚುನಾವಣೆಯ ವರ್ಷ. ಚುನಾವಣೆ ಬಂತೆಂದರೆ ಊರಿನವರ ಪರವಾನಗಿಯ ಬಂದೂಕುಗಳೆಲ್ಲ ಠಾಣೆಗೆ ಹೋಗಿ ಮಲಗಬೇಕು. ಮಾವ ತಮ್ಮ ಬಂದೂಕಿಗೆ ಠಾಣೆಯಲ್ಲಿ ಚಳಿಯಾದೀತು ಎಂಬಂತೆ ತಾವು ಹೊದೆಯುವ ಕಂಬಳಿಯಲ್ಲೇ ಅದನ್ನು ಸುತ್ತಿ ಕೊಟ್ಟು ಬಂದಿದ್ದರು. ಆ ಕಂಬಳಿ ದಾರಿಯಲ್ಲಿ ಮಳೆಗೆ ನೆನೆದಿತ್ತು. ಫಲಿತಾಂಶ ಬಂದು, ಗೆದ್ದವರು ಗೆದ್ದು, ಸೋತವರು ಸೋತು, ಬಂದೂಕು ವಾಪಸು ಬಂದಾಗ ನಳಿಗೆಯೊಳಗೆ ತುಕ್ಕು ಹಿಡಿದಿತ್ತು.

ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಮಾವ ಬಂದೂಕಿನ ಸಮೇತ ವಿನೋಬನಗರದ ನಮ್ಮ ಮನೆಗೆ ಬಂದರು. ಸೋಮವಾರ ಹನ್ನೊಂದು ಗಂಟೆಗೆ ಪರೀಕ್ಷೆ. ಶಶಿ ಪ್ರೈಮರಿ ಶಾಲೆಯ ಟೀಚರು, ಬೆಳಗಿನ ಶಾಲೆಗೆ ಹೋಗಿದ್ದಳು. ಮಾವ ಗುಂಡುಗಳ ಪೊಟ್ಟಣವನ್ನು ಮೊದಲೇ ಬೇರೆ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಿ, ಬೋಲ್ಟು ಬಿಚ್ಚಿ ಪಕ್ಕಕ್ಕಿಟ್ಟು, ಒಳಗೆ ಬೆರಳು ಹಾಕಿ ನೋಡಿ, ಮತ್ತೊಮ್ಮೆ ನೋಡಿ, ಖಾಲಿ ಎಂದು ಖಾತ್ರಿಯಾದ ಮೇಲೆಯೇ ಅದನ್ನು ನನ್ನ ಕೈಗೆ ಕೊಟ್ಟರು. ಅಷ್ಟೊಂದು ಹುಷಾರಿನ ಮನುಷ್ಯ ನನ್ನ ವಿಷಯದಲ್ಲಿ ಮಾತ್ರ ಅದು ಹೇಗೆ ಹುಷಾರು ತಪ್ಪಿದರೋ! ನಾನು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ಕಣ್ಣಿಟ್ಟೆ. ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಹೋಗುವ ಗೀರುಗಳಿರುತ್ತವೆ. ಗುಂಡು ಬುಗುರಿಯ ಹಾಗೆ ತಿರುಗುತ್ತ ನೇರವಾಗಿ ಹೋಗುವುದು ಅವುಗಳಿಂದಲೇ. ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಕಣ್ಣಾರೆ ನೋಡಿದ್ದು ಅದೇ ಮೊದಲು. ಗೀರೆಲ್ಲಿ? ಒಳಗೆಲ್ಲ ಕೆಂಪು, ಕಂದು, ಹುಡಿಹುಡಿ. ನನ್ನ ಹೆಬ್ಬೆರಳು ಅಲ್ಲಾಡಿತು. ಮೈಯೆಲ್ಲ ಜುಮ್ಮೆಂದಿತು!

"ಮಾವ, ಒಂದು ಗಂಟೆ ಕೊಡಿ" ಎಂದೆ.

"ಬ್ಯಾಡ ಅಳಿಯಂದ್ರೆ. ಭದ್ರಾವತೀಲಿ ಪೆರುಮಾಳ್ ಮೇಸ್ತ್ರಿ ಇದಾನೆ, ಬಂದೂಕು ರಿಪೇರಿಗೆ ಲೈಸೆನ್ಸ್ ಇಟ್ಕೊಂಡಿರೋನು. ಅವನ ಕೈಗೆ ಕೊಟ್ಟು ಬರೋಣ. ಉಜ್ಜೋ ಕೋಲು ಬೇರೆ ನಾನು ಊರಲ್ಲೇ ಬಿಟ್ಟು ಬಂದಿದೀನಿ."

"ಮಾವ, ಇದು ಬರೀ ಘರ್ಷಣೆ. ಹದಿನಾರು ವರ್ಷದಿಂದ ಪಾಠ ಮಾಡ್ತಿದೀನಿ."

ಪಾಠ ಎಂದ ಕೂಡಲೇ ಮಾವ ಮೆತ್ತಗಾದರು. ಹಳೇ ಕಾಲದವರಿಗೆ ಮೇಷ್ಟರುಗಳ ಮೇಲೆ ಒಂದು ಬಗೆಯ ನಂಬಿಕೆ ಇರುತ್ತದೆ. ನನ್ನಂಥವರು ಬದುಕಿರುವುದೇ ಅದರ ನೆರಳಿನಲ್ಲಿ. ಈಗ ಉಜ್ಜಲು ಒಂದು ಪುಡಿ ಬೇಕಲ್ಲ. ನಮ್ಮಂಥ ಮನೆಗಳಲ್ಲಿ ಬೆಳ್ಳಿ ಬೆಳಗಲು ಯಾರೂ ಅಂಗಡಿಯಿಂದ ಪುಡಿ ತರುವುದಿಲ್ಲ. ಒಡೆದು ಹೋದ ವಿಭೂತಿ ಗಟ್ಟಿಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟಿರುತ್ತೇವೆ, ದೇವರ ಸಾಮಾನೆಲ್ಲ ಅದರಲ್ಲೇ ಫಳಫಳ. ವೀರಭದ್ರನ ಮೀಸೆ ಹೋದದ್ದೂ ಅದರಲ್ಲೇ. ಡಬ್ಬಿ ತಂದೆ. "ವಿಭೂತಿಯಾ?" ಎಂದು ಮಾವ ಕಣ್ಣರಳಿಸಿದರು. ಆಮೇಲೆ ತಾವೇ, "ಶಿವನ ಬೂದಿ. ಕೆಟ್ಟದ್ದು ಮಾಡಲ್ಲ ಬಿಡಿ" ಎಂದು ಹಣೆಗೂ ಒಂದಿಷ್ಟು ಹಚ್ಚಿಕೊಂಡರು. ವಿಭೂತಿಗೆ ಕೊಬ್ಬರಿ ಎಣ್ಣೆ ಕಲಸಿದೆ. ಚಳಿಗೆ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗಿತ್ತು. ಒಲೆಯ ಪಕ್ಕ ಇಟ್ಟು ಕರಗಿಸಿ ಕಲಸಿದೆ. ಓದುಗರೇ, ಭೌತಶಾಸ್ತ್ರದ ಮೇಷ್ಟರ ಕಣ್ಣೆದುರಿಗೆ ಎಣ್ಣೆ ಗಟ್ಟಿಯಾಗಿ ಕೂತಿತ್ತು, ಅವನೇ ಅದನ್ನು ಕರಗಿಸಿದ, ಆದರೂ ಅವನ ತಲೆಗೆ ಏನೂ ಹೊಳೆಯಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಇನ್ನು ಕೋಲು. ಮಲಗುವ ಕೋಣೆಯ ಕಿಟಕಿಗೆ ಪರದೆ ನೇತು ಹಾಕಿದ್ದ ಅಲ್ಯೂಮಿನಿಯಂ ಸರಳು ಅಳತೆ ಮಾಡಿ ಮಾಡಿಸಿದ ಹಾಗಿತ್ತು. ಪರದೆ ಕಳಚಿದೆ, ಸರಳಿನ ತುದಿಗೆ ಹಳೇ ಬನಿಯನ್ನಿನ ಚೂರು ಸುತ್ತಿದೆ, ವಿಭೂತಿ ಲೇಪ ಮೆತ್ತಿದೆ, ಬಂದೂಕಿನ ಬಾಯಿಯ ಕಡೆಯಿಂದ ತುರುಕಿದೆ. ಆಹಾ! ಮೊದಲ ನಾಲ್ಕು ಸಲ ಎಷ್ಟು ಸೊಗಸಾಗಿ ಹೋಗಿ ಬಂತು! ಬಟ್ಟೆ ಕೆಂಪಗೆ ಹೊರಗೆ ಬಂದಾಗ ನಾನು ಕುಣಿಯುವುದೊಂದು ಬಾಕಿ. ಮಾವನೂ ಕುರ್ಚಿಯ ತುದಿಗೆ ಬಂದು ಕೂತು "ಬಂತು ಬಂತು" ಎನ್ನತೊಡಗಿದರು. ಉತ್ಸಾಹ ಹೆಚ್ಚಿ ಬಟ್ಟೆಯನ್ನು ದಪ್ಪ ಮಾಡಿದೆ, ಲೇಪವನ್ನೂ ಹೆಚ್ಚಿಸಿದೆ. ಐದನೆಯ ಸಲ ಸರಳು ಅರ್ಧಕ್ಕೆ ಹೋಗಿ ನಿಂತಿತು. ಒತ್ತಿದೆ, ಅಲ್ಲಾಡಲಿಲ್ಲ. ಎಳೆದೆ, ಬರಲಿಲ್ಲ. ಕಾಫಿ ಕುಡಿದು ಕೈಗೆ ಬಲ ಬರಿಸಿಕೊಂಡು ಮಾಡೋಣ ಎಂದು ಕಾಲು ಗಂಟೆ ಬಿಟ್ಟೆವು. ಡಿಸೆಂಬರಿನ ಚಳಿಗೆ ತಣ್ಣಗಿದ್ದ ಕಬ್ಬಿಣದೊಳಗೆ ಆ ಕಾಲು ಗಂಟೆಯಲ್ಲಿ ಎಣ್ಣೆ ಹೆಪ್ಪುಗಟ್ಟಿ, ವಿಭೂತಿಯೂ ಬನಿಯನ್ನೂ ಸೇರಿ ಗಾರೆಯಾಯಿತು.

ಹನ್ನೆರಡೂವರೆಗೆ ಶಶಿ ಶಾಲೆಯಿಂದ ಬಂದಾಗ, ಮಾವ ಬಂದೂಕಿನ ಹಿಡಿಯನ್ನು ಅಪ್ಪಿಕೊಂಡು ನೆಲಕ್ಕೆ ಕಾಲು ಊರಿ ಕೂತಿದ್ದರು, ನಾನು ಸರಳನ್ನು ಹಿಡಿದು ಗೋಡೆಗೆ ಕಾಲು ಕೊಟ್ಟು ಎಳೆಯುತ್ತಿದ್ದೆ. ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆಯವರು ಸೋತಂತಿತ್ತು ನಮ್ಮ ಮುಖ. ಅವಳು ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

"ಏನ್ರೀ ಇದು? ರೂಮಿನ ಕರ್ಟನ್ನು ಎಲ್ಲಿ?"

"ಕರ್ಟನ್ನು ಮಂಚದ ಮೇಲಿದೆ" ಎಂದೆ. ಸರಳಿನ ವಿಷಯ ತಾನಾಗಿ ಕಾಣುತ್ತಿತ್ತು.

"ಅಪ್ಪಾಜಿ, ನೀವಾದ್ರೂ ಹೇಳ್ಬಾರ್ದಾ?"

ಮಾವ ಬಂದೂಕಿನ ಹಿಡಿಯನ್ನು ಸವರುತ್ತ ಕೂತರು. "ನಿನ್ನ ಹೆಸ್ರಿಗೆ ಬರ್ಲಿ ಅಂತ ಇತ್ತು ಮಗಳೇ. ಕರಗ್ಸೋಕೆ ಹೋಗತ್ತೇನೋ" ಎಂದರು. ಆ ಮಾತು ಕೇಳಿ ನಾನು ಸರಳಿನಿಂದ ಕೈ ತೆಗೆದೆ. ಅಲ್ಲಿಯವರೆಗೆ ನನಗೆ ಅದು ಒಂದು ಕೊಳವೆ, ಒಂದು ತುಕ್ಕು, ಒಂದು ಪುಡಿ. ಒಬ್ಬ ತಂದೆ ಮಗಳಿಗೆ ಕೊಡಬೇಕೆಂದು ಇಟ್ಟುಕೊಂಡದ್ದನ್ನು ನಾನು ನನ್ನ ಚಟಕ್ಕಾಗಿ ಕೆಡಿಸಿದೆ ಎಂದು ಹೊಳೆದದ್ದು ಆಗಲೇ. ನನಗೆ ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು.

ಶಶಿ ಅಳುವ ಪೈಕಿಯಲ್ಲ. ಬೈಯುವುದನ್ನು ಪ್ರಯಾಣದ ಹೊತ್ತಿಗೆ ಮೀಸಲಿಟ್ಟು, ಬಂದೂಕನ್ನು ಒಂದು ಹಾಸುವ ಚಾದರದಲ್ಲಿ ಸುತ್ತಿ, ಪರವಾನಗಿ ಪುಸ್ತಕವನ್ನು ತಂದೆಯ ಜೇಬಿಗೆ ಹಾಕಿ, ಆಟೋ ಕರೆದಳು. ಭಾನುವಾರ ಮೇಸ್ತ್ರಿ ಅಂಗಡಿ ತೆರೆಯುವುದಿಲ್ಲವಾದ್ದರಿಂದ ಇವತ್ತೇ ಹೋಗಬೇಕು. ಚಾದರ ಬಂದೂಕಿಗೆ ಸಾಕಾಗಿತ್ತು, ಸರಳಿಗೆ ಸಾಕಾಗಲಿಲ್ಲ. ಅದು ಎರಡು ಅಡಿ ಹೊರಗೆ ಚಾಚಿಕೊಂಡು, ತುದಿಯಲ್ಲಿ ಪರದೆಯ ಒಂದು ಬಳೆಯನ್ನು ಇನ್ನೂ ತೊಟ್ಟುಕೊಂಡಿತ್ತು. ಆಟೋ ಹಳ್ಳ ಹಾರಿದಾಗಲೆಲ್ಲ ಅದು ಕಿಣಿಕಿಣಿ ಎನ್ನುತ್ತಿತ್ತು. ಭದ್ರಾವತಿಯ ಬಸ್ಸಿನಲ್ಲಿ ಜನವೋ ಜನ. ಕಂಡಕ್ಟರು ಬಂದು, "ಏನ್ ಯಜಮಾನ್ರೇ ಅದು, ತಂಬೂರಿನಾ?" ಎಂದ. ಸುಳ್ಳು ಹೇಳಿ ಗೊತ್ತಿಲ್ಲದ ಮಾವ, ಹೊಲದ ಆಚೆ ಬದಿಯವರೊಡನೆ ಮಾತಾಡುವ ದನಿಯಲ್ಲಿ, "ಬಂದೂಕು!" ಎಂದರು. ಬಸ್ಸು ಗಪ್‌ಚಿಪ್. ಒಂದು ನಿಮಿಷದಲ್ಲಿ ನಮ್ಮ ಮೂವರಿಗೂ ಸೀಟು ಸಿಕ್ಕಿತು, ಹಿಂದಿನ ಮುಂದಿನ ಸೀಟುಗಳೂ ಖಾಲಿಯಾದವು. ಕಂಡಕ್ಟರು ಪರವಾನಗಿ ನೋಡಿ ಸಮಾಧಾನ ಮಾಡಿಕೊಂಡು, "ಸರಿ, ಮುಂದೆ ಚಾಚ್ಕೊಂಡಿರೋದು?" ಎಂದು ಕೇಳಿದ.

"ಕರ್ಟನ್ ರಾಡು" ಎಂದೆ.

"ಬಂದೂಕಿಗೆ ಕರ್ಟನ್ ರಾಡು ಯಾಕ್ ಸಾರ್?"

ಶಶಿ ಕಿಟಕಿಯಿಂದ ಮುಖ ತಿರುಗಿಸದೆ, "ನಮ್ಮನೆಯವ್ರು ಫಿಸಿಕ್ಸ್ ಲೆಕ್ಚರರ್ರು" ಎಂದಳು. ಅದರಲ್ಲಿ ಅವನಿಗೆ ಏನು ಅರ್ಥವಾಯಿತೋ, "ಓಹೋ" ಎಂದು ತಲೆಯಾಡಿಸಿ ಟಿಕೆಟು ಹರಿದುಕೊಟ್ಟು ಹೋದ. ಆಮೇಲೆ ಭದ್ರಾವತಿ ಬರುವವರೆಗೆ ಶಶಿ ಮೀಸಲಿಟ್ಟಿದ್ದನ್ನೆಲ್ಲ ನನಗೆ ಕೊಟ್ಟಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಪೆರುಮಾಳ್ ಮೇಸ್ತ್ರಿ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದ ಮನುಷ್ಯ. ಹಳೇ ಊರಿನ ಸಣ್ಣ ಓಣಿಯಲ್ಲಿ ಒಂದು ಬಾಗಿಲಿನ ಅಂಗಡಿ. ಗೋಡೆಯ ಮೇಲೆ ಮುರುಗನ ಪಟ, ಅದರ ಪಕ್ಕದಲ್ಲಿ ಅಷ್ಟೇ ಭಕ್ತಿಯಿಂದ ಚೌಕಟ್ಟು ಹಾಕಿಸಿದ ರಿಪೇರಿ ಲೈಸೆನ್ಸು. ಕಿವಿಯ ಮೇಲೊಂದು ಹಚ್ಚದ ಬೀಡಿ. ಅವನು ಚಾದರ ಬಿಚ್ಚಿದ, ಸರಳು ನೋಡಿದ, ಬಳೆ ನೋಡಿದ, ನಮ್ಮ ಮೂವರ ಮುಖವನ್ನೂ ಸರದಿಯಲ್ಲಿ ನೋಡಿದ.

"ಮುರುಗಾ! ಏನು ಸಾರ್ ಇದು? ಬಂದೂಕಾ, ಕಿಟಕಿನಾ?"

ಅವನು ಬಂದೂಕಿನ ಬಾಯಿಯನ್ನು ಮೂಸಿ ನೋಡಿದ. "ತೆಂಗಿನೆಣ್ಣೆ. ಚಳಿಗಾಲ. ಅಷ್ಟೇ ಸಾರ್, ಬಿಸಿ ಮಾಡಿದ್ರೆ ಬಿಡತ್ತೆ" ಎಂದ. ಹದಿನಾರು ವರ್ಷದ ಭೌತಶಾಸ್ತ್ರ ಅಂಗಡಿಯ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿತು. ಅವನು ಬಂದೂಕಿನ ಮರದ ಭಾಗವನ್ನು ಬಿಚ್ಚಿ ಬೇರೆ ಇಟ್ಟು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ನಳಿಗೆಗೆ ಸುತ್ತಿ, ಮಧ್ಯಾಹ್ನದ ಬಿಸಿಲಿಗೆ ಒರಗಿಸಿದ. ಎರಡು ಸಲ ಬಟ್ಟೆ ಬದಲಾಯಿಸಿದ. ಇಪ್ಪತ್ತು ನಿಮಿಷವಾದ ಮೇಲೆ ಸರಳಿನ ತುದಿ ಹಿಡಿದು ಮೆಲ್ಲಗೆ ತಿರುಗಿಸಿದರೆ, ಅಯ್ಯೋ ಶಿವನೇ, ಅದು ಬೆಣ್ಣೆಯೊಳಗಿಂದ ಬಂದ ಹಾಗೆ ಬಂತು! ನಾನು ಚಪ್ಪಾಳೆ ತಟ್ಟಿಬಿಟ್ಟೆ. ಶಶಿ ಒಮ್ಮೆ ನೋಡಿದಳು, ನಿಲ್ಲಿಸಿದೆ.

"ಈಗ ಬಯ್ತೀನಿ ಸಾರ್, ಕೋಪ ಮಾಡ್ಕೋಬೇಡಿ" ಎಂದು ಮೇಸ್ತ್ರಿ ಸರಳನ್ನು ನನ್ನ ಮುಂದೆ ಹಿಡಿದ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಪುಡಿಯ ಕಣಗಳು ಅದರ ಮೈಗೆ ಕಚ್ಚಿಕೊಂಡು ಇಡೀ ಸರಳೇ ಅರದ ಹಾಗಾಗಿತ್ತು. "ಕೋಲಲ್ಲ ಸಾರ್, ನೀವು ಅರ ಹಾಕಿ ಉಜ್ಜಿದೀರಿ. ಅದೂ ಬಾಯಿ ಕಡೆಯಿಂದ. ಗುಂಡು ಕೊನೇಗೆ ಬಿಟ್ಟು ಹೋಗೋ ಜಾಗ ಅದು. ಆ ಅಂಚು ಸವೆದ್ರೆ ಗುಂಡು ಸೊಟ್ಟ ಹೋಗತ್ತೆ. ಎಷ್ಟು ಸಲ ಉಜ್ಜಿದ್ರಿ?"

"ನಾಲ್ಕು. ಐದಕ್ಕೆ ಸಿಕ್ಕಾಕ್ಕೊಂತು."

"ಸಿಕ್ಕಾಕ್ಕೊಂಡಿದ್ದೇ ಪುಣ್ಯ."

ಅವನು ನಳಿಗೆಯನ್ನು ಸೀಮೆಎಣ್ಣೆಯಿಂದ ತೊಳೆದು, ಹಿಂದಿನಿಂದ ಒಂದು ಬಿಳಿ ಕಾಗದ ಹಿಡಿದು, ಮುಂದಿನಿಂದ ಕಣ್ಣಿಟ್ಟ. ಎಷ್ಟು ಹೊತ್ತು ನೋಡಿದನೆಂದರೆ, ಮಾವ ಜೇಬಿನ ಮೇಲಿನಿಂದಲೇ ಪರವಾನಗಿ ಪುಸ್ತಕವನ್ನು ಹಿಡಿದುಕೊಂಡರು. ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ವೀರಭದ್ರನಲ್ಲಿ ಮಾತ್ರ ಕೇಳಿಕೊಳ್ಳಲು ಮುಖವಿರಲಿಲ್ಲ. ಕೊನೆಗೆ ಮೇಸ್ತ್ರಿ ಕಣ್ಣು ತೆಗೆದು, "ಗೀರು ಬದುಕಿದೆ ಯಜಮಾನ್ರೇ. ತುಕ್ಕು ಮೇಲೆ ಮೇಲೆ ಇದೆ, ಆಳಕ್ಕೆ ಇಳಿದಿಲ್ಲ" ಎಂದ. ಮಾವ ಅಲ್ಲೇ ಮುರುಗನಿಗೆ ಕೈ ಮುಗಿದರು.

ಆಮೇಲೆ ನಡೆದ ಒಂದು ಗಂಟೆಯ ಪಾಠವನ್ನು ನಾನು ಯಾವ ಪ್ರಯೋಗಾಲಯದಲ್ಲೂ ಕಲಿತಿರಲಿಲ್ಲ. ಮೊದಲು ಹಿತ್ತಾಳೆ ತಂತಿಯ ಬ್ರಷ್ಷು; ಅದಕ್ಕೆ ಬಗ್ಗದ ತುಕ್ಕಿಗೆ ಮಾತ್ರ ಪೇಸ್ಟು. ಪೇಸ್ಟು ಎಂದರೆ ಒಂದು ಸಣ್ಣ ತಗಡಿನ ಡಬ್ಬಿಯಲ್ಲಿ ಕಾಡಿಗೆಯ ಹಾಗೆ ನುಣ್ಣಗಿದ್ದ ಲೇಪ, ಬೆರಳಲ್ಲಿ ತೀಡಿದರೆ ಕಣ ಸಿಗುವುದಿಲ್ಲ. ಅದನ್ನು ಹಲ್ಲಿಗೆ ಹಚ್ಚುವಷ್ಟು ಮಾತ್ರ ಬಟ್ಟೆಗೆ ಸವರಬೇಕು. ಉಕ್ಕಿನ ನಯವಾದ ಕೋಲನ್ನು ಹಿಂದಿನ ಕಡೆಯಿಂದಲೇ ಹಾಕಬೇಕು, ಗುಂಡು ಕೂರುವ ಜಾಗಕ್ಕೆ ಪೇಸ್ಟು ತಾಗದಂತೆ ಅಡ್ಡ ಒಂದು ಸಣ್ಣ ಕೊಳವೆ ಇಡಬೇಕು. ಒಂದೇ ಸಮನೆ ಈ ತುದಿಯಿಂದ ಆ ತುದಿಗೆ ಹೋಗಬೇಕು, ನಡುವೆ ಒಂದೇ ಕಡೆ ನಿಂತು ತಿಕ್ಕಬಾರದು, ಬಟ್ಟೆ ಬಾಯಿಯಿಂದ ಪೂರ್ತಿ ಹೊರಗೆ ಬರುವ ಮೊದಲೇ ಹಿಂತಿರುಗಬೇಕು. ಕಣ್ಣಿಗೆ ಕನ್ನಡಕ, ಬಾಗಿಲು ತೆರೆದಿರಬೇಕು, ಸೀಮೆಎಣ್ಣೆ ಬಟ್ಟಲು ಮುಚ್ಚುವವರೆಗೆ ಕಿವಿಯ ಮೇಲಿನ ಬೀಡಿ ಕಿವಿಯ ಮೇಲೆಯೇ. ಮೇಸ್ತ್ರಿ ಇದನ್ನೆಲ್ಲ ಶಶಿಗೆ ಹೇಳಿಕೊಟ್ಟ, ನಾಳೆಯ ಯಜಮಾನಿ ಅವಳೇ ತಾನೆ? ಅವಳು ಜಡೆಯನ್ನು ಹಿಂದಕ್ಕೆ ಹಾಕಿಕೊಂಡು ಹತ್ತು ಸಲ ಉಜ್ಜಿದಳು. ಮೇಸ್ತ್ರಿ ಒರೆಸಿ ನೋಡಿ, "ಇನ್ನೂ ಹತ್ತು ಬೇಕು" ಎಂದ.

"ನಾನು?" ಎಂದೆ. ನನ್ನ ದನಿ ನನಗೇ ಐದು ವರ್ಷದ ಹುಡುಗನ ದನಿಯಂತೆ ಕೇಳಿಸಿತು. ಮೇಸ್ತ್ರಿ ಶಶಿಯನ್ನು ನೋಡಿದ, ಶಶಿ ತಂದೆಯನ್ನು ನೋಡಿದಳು. ಮಾವ ನಿಟ್ಟುಸಿರು ಬಿಟ್ಟು, "ಕೊಡಪ್ಪ ಪೆರುಮಾಳ್, ಆಸೆ ಪಡ್ತಾರೆ" ಎಂದರು.

ಆ ಹತ್ತು ಸಲ! ಕೋಲಿನ ಮೂಲಕ ಅಂಗೈಗೆ ಎಲ್ಲವೂ ತಿಳಿಯುತ್ತದೆ. ಗೀರಿನ ಜೊತೆಗೆ ಕೋಲು ತಾನೂ ಮೆಲ್ಲಗೆ ತಿರುಗುತ್ತ ಹೋಗುತ್ತದೆ. ಮೊದಲು ಮರಳು ತುಳಿದ ಹಾಗೆ ಕರಕರ, ಐದನೆಯ ಸಲಕ್ಕೆ ಅದು ಸಣ್ಣದಾಗುತ್ತದೆ, ಏಳು ಎಂಟಕ್ಕೆ ರೇಷ್ಮೆ ಎಳೆದಂತೆ. ಒಂಬತ್ತು. ಹತ್ತು. ಎಂಥ ಸುಖ! ಕೈ ನಿಲ್ಲಲಿಲ್ಲ, ಹನ್ನೊಂದನೆಯದಕ್ಕೆ ಹೊರಟೇಬಿಟ್ಟಿತು. ಮೇಸ್ತ್ರಿ ನನ್ನ ಮಣಿಕಟ್ಟನ್ನು ಗಪ್ಪನೆ ಹಿಡಿದ. ಮೂವತ್ತು ವರ್ಷ ಉಕ್ಕು ಹಿಡಿದ ಕೈ ಅದು, ನೋವಾಯಿತು.

"ಹತ್ತು ಅಂದ್ರೆ ಹತ್ತು ಸಾರ್. ಈ ಪೇಸ್ಟಿಗೆ ತುಕ್ಕು ಯಾವ್ದು, ಉಕ್ಕು ಯಾವ್ದು ಗೊತ್ತಾಗಲ್ಲ. ತುಕ್ಕು ಮುಗಿದ್ರೆ ಉಕ್ಕು ತಿನ್ನತ್ತೆ. ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಕೈಗೆ ಗೊತ್ತಿರ್ಬೇಕು."

ಆಮೇಲೆ ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆಯುವ ಕೆಲಸ. ಸೀಮೆಎಣ್ಣೆಯ ಬಟ್ಟೆ, ಒಣ ಬಟ್ಟೆ, ಮತ್ತೆ ಸೀಮೆಎಣ್ಣೆಯದು. ಬಿಳಿಯ ಚೂರು ಒಳಗೆ ಹೋಗಿ ಬಿಳಿಯದಾಗಿಯೇ ಹೊರಗೆ ಬರುವವರೆಗೆ ಬಿಡಲಿಲ್ಲ. ಕೊನೆಗೊಂದು ತೆಳುವಾದ ಎಣ್ಣೆ, "ಹೊಡೆಯೋ ಮುಂಚೆ ಇದನ್ನೂ ಒಣ ಬಟ್ಟೇಲಿ ತೆಗೀಬೇಕಮ್ಮ" ಎಂಬ ಎಚ್ಚರಿಕೆಯ ಜೊತೆಗೆ. ಎಲ್ಲ ಮುಗಿದ ಮೇಲೆ ಶಶಿ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನಗೆ ಕೊಟ್ಟಳು. ನೋಡಿದೆ. ಒಳಗೆ ಬೆಳಕೇ ಸುರುಳಿ ಸುತ್ತಿಕೊಂಡು ಕೂತಿತ್ತು. ಬೆಳ್ಳಿಯ ಗೀರುಗಳು ಒಂದರ ಹಿಂದೊಂದು ತಿರುಗುತ್ತ ತಿರುಗುತ್ತ ದೂರದ ಒಂದು ಬಿಳಿಯ ಚಂದ್ರನ ಕಡೆಗೆ ಹೋಗುತ್ತಿದ್ದವು. ಅಷ್ಟು ಚಂದದ್ದನ್ನು ಯಾರೂ ನೋಡದ ಜಾಗದಲ್ಲಿ ಮಾಡಿಟ್ಟವರು ಯಾರೋ! ನಾನು ಕಣ್ಣು ತೆಗೆಯಲಿಲ್ಲವೆಂದು ಮೇಸ್ತ್ರಿಯೇ ಬಂದೂಕನ್ನು ಕಸಿದುಕೊಂಡ. ಆಮೇಲೆ ಬೀಡಿ ಹಚ್ಚಿದ.

ಸೋಮವಾರದ ಪರೀಕ್ಷೆ ಐದೇ ನಿಮಿಷ. ಆಯುಧ ಪರಿಣತರೆಂದರೆ ದಪ್ಪ ಕನ್ನಡಕದ ಒಬ್ಬ ಹಿರಿಯ ಹೆಡ್ ಕಾನ್‌ಸ್ಟೇಬಲ್ಲು. ನಳಿಗೆಯೊಳಗೆ ಟಾರ್ಚು ಬಿಟ್ಟು ನೋಡಿ, ಮುಖವೆತ್ತಿ, "ಯಾರು ಕ್ಲೀನ್ ಮಾಡಿದ್ದು?" ಎಂದು ಕೇಳಿದರು. ನನ್ನ ಎದೆ ಉಬ್ಬಿತು. ಇಪ್ಪತ್ತರಲ್ಲಿ ಹತ್ತು ಸಲ ಉಜ್ಜಿದವನು ನಾನು, ಬಾಯಿ ತೆರೆದೆ. ಶಶಿ ನನ್ನ ಕಾಲು ತುಳಿದಳು. "ಭದ್ರಾವತಿ ಪೆರುಮಾಳ್" ಎಂದರು ಮಾವ. "ಅದಕ್ಕೇ ಮತ್ತೆ" ಎಂದು ಅವರು ಮೆಚ್ಚಿ ತಲೆದೂಗಿ, ಬಾಯಿಯ ಅಂಚಿನ ಮೇಲೆ ಬೆರಳಾಡಿಸಿ, "ಇಲ್ಲಿ ಮಾತ್ರ ಯಾವನೋ ಒರಟಾಗಿ ತಿಕ್ಕಿದಾನೆ. ತೊಂದ್ರೆ ಇಲ್ಲ, ಸ್ವಲ್ಪದ್ರಲ್ಲಿ ಉಳಿದಿದೆ" ಎಂದರು. ತೆರೆದಿದ್ದ ಬಾಯಿಯನ್ನು ನಾನು ಮುಚ್ಚಿಕೊಂಡೆ. ಯೋಗ್ಯ ಎಂದು ಅವರು ಬರೆದು ಸಹಿ ಹಾಕಿದಾಗ, ಮಾವ ಆ ಕಾಗದವನ್ನು ಮಗಳ ಕೈಗೆ ಕೊಟ್ಟು, ಕರ್ಚೀಫಿಲ್ಲದೆ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡರು. ಶಶಿ ನನ್ನ ಕರ್ಚೀಫು ತೆಗೆದುಕೊಂಡಳು, ಅವಳಿಗೇ ಬೇಕಾಯಿತು.

ಮುಂದಿನ ವಾರ ಠಾಣೆಯಿಂದ ಸಬ್ ಇನ್‌ಸ್ಪೆಕ್ಟರರು ಮನೆ ನೋಡಲು ಬಂದರು. ಬಂದೂಕು ಇಡುವ ಜಾಗ ಭದ್ರವಾಗಿದೆಯೇ ಎಂದು ನೋಡುವುದು ನಿಯಮ. ಶಶಿ ಕಬ್ಬಿಣದ ಪೆಟ್ಟಿಗೆ ತೋರಿಸಿದಳು, ಗುಂಡುಗಳಿಗೆ ಬೇರೆ ಪೆಟ್ಟಿಗೆ ತೋರಿಸಿದಳು. ಕಾಫಿ ಕುಡಿಯುತ್ತ ಅವರು ಕಾಗದದ ಮೇಲಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತ ಹೋದರು. "ಆಯುಧ ಕೈಗೆ ಸಿಗದ ಹಾಗೆ ನೋಡ್ಕೋಬೇಕಾದ ಮಕ್ಕಳು ಮನೇಲಿ ಯಾರಾದ್ರೂ ಇದಾರಾ ಮೇಡಮ್?"

"ಒಬ್ರಿದಾರೆ ಸಾರ್" ಎಂದಳು ಶಶಿ.

"ವಯಸ್ಸು?"

"ನಲವತ್ತೊಂದು."

ಅವರು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು. ಅಷ್ಟು ಹೊತ್ತಿಗೆ ನಾನು ಅವರು ಕುಡಿದಿಟ್ಟ ಲೋಟದ ತಳವನ್ನು ಅಂಗಿಯ ತುದಿಯಿಂದ ತಿಕ್ಕುತ್ತಿದ್ದೆ. ಮರುಪ್ರಶ್ನೆ ಕೇಳದೆ "ಒಬ್ಬರು" ಎಂದು ಬರೆದುಕೊಂಡು, "ಬೀಗ ಕಡ್ಡಾಯ" ಎಂಬುದರ ಕೆಳಗೆ ಎರಡು ಗೆರೆ ಎಳೆದರು. ಪರವಾನಗಿ ಶಶಿಯ ಹೆಸರಿಗೆ ಬಂತು. ಬಂದೂಕನ್ನು ಅವಳೇ ಕ್ಲೀನ್ ಮಾಡುತ್ತಾಳೆ, ಹತ್ತು ಅಂದರೆ ಹತ್ತು. ನಾನು ಎದುರಿನ ಕುರ್ಚಿಯಲ್ಲಿ ಕೂತು ಬಿಳಿ ಬಟ್ಟೆಯನ್ನು ಚೌಕ ಚೌಕವಾಗಿ ಹರಿದು ಕೊಡುತ್ತೇನೆ. ಪೆಟ್ಟಿಗೆಯ ಬೀಗದ ಕೈ ಎಲ್ಲಿದೆ ಎಂದು ನನಗೆ ಇವತ್ತಿನವರೆಗೂ ಗೊತ್ತಿಲ್ಲ, ಕೇಳಿಯೂ ಇಲ್ಲ. ಬುದ್ಧಿ ಬಂದಿದೆ ಎಂದೇ ನಾನು ತಿಳಿದುಕೊಂಡಿದ್ದೇನೆ. ಆದರೆ ಆ ಬೀಗ ಹಿತ್ತಾಳೆಯದು, ಈಚೆಗೆ ತುಂಬ ಮಂಕಾಗಿದೆ.